ಗೂಡ್ಸ್ ಗಾಡಿ ದಾಟಿದ ಮೇಲಿನ ಸಾಲು

ಪರದೆ ಏಳುವ ಮೊದಲು ವಾದ್ಯದವರು ಶ್ರುತಿ ಸರಿಮಾಡಿಕೊಳ್ಳುತ್ತಿದ್ದರು. ಪಿಟೀಲುಗಳ ನಡುವಿನಿಂದ ಯಾವುದೋ ದೊಡ್ಡ ತಂತಿವಾದ್ಯ ದಪ್ಪ ದನಿಯಲ್ಲಿ ಗುಂಯ್‌ಗುಟ್ಟಿತು. ಆ ಹಳೆಯ ಸಭಾಂಗಣದ ಮರದ ಕುರ್ಚಿಯ ಕೈ ಸಣ್ಣಗೆ ನಡುಗಿದ್ದು ನನ್ನ ಬೆರಳಿಗೆ ತಿಳಿಯಿತು. ಒಂದು ಕುರ್ಚಿಯಾಚೆ ಕೂತಿದ್ದ ಅಕ್ಕ ನನ್ನ ಕಡೆ ಬಗ್ಗಿ, "ಗೂಡ್ಸ್ ಬಂತು ಕಣೋ" ಅಂದಳು. ಇಬ್ಬರೂ ನಗಲು ಹೋದೆವು, ಆಗಲಿಲ್ಲ.

ಯಶವಂತಪುರದಲ್ಲಿ ನಮ್ಮ ಮನೆ ರೈಲು ಹಳಿಗೆ ಅಂಟಿಕೊಂಡಂತಿತ್ತು. ಗಾಡಿ ಬರುವ ಮೊದಲೇ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಸಂಜೆ ರೇಡಿಯೋದಲ್ಲಿ ಚಿತ್ರಗೀತೆ ಬರುವ ಹೊತ್ತಿಗೇ ಒಂದು ಗೂಡ್ಸ್ ಗಾಡಿ ದಾಟುತ್ತಿತ್ತು. ಅಮ್ಮನಿಗೆ ಬೇರೆಯವರ ಹಾಡು ಬೇಕಿರಲಿಲ್ಲ, ಒಬ್ಬರೇ ಒಬ್ಬ ಕವಿ ಬರೆದದ್ದು ಸಾಕು. ಅವರ ಹಾಡು ಬಂತೆಂದರೆ ಒಲೆಯ ಮುಂದೆ ಮುದ್ದೆ ತಿರುವುತ್ತಲೇ ಜೊತೆಗೆ ಹಾಡುತ್ತಿದ್ದಳು. ಬಿಸಿ ಹಿಟ್ಟಿನ ವಾಸನೆ, ಸೀಮೆಎಣ್ಣೆಯ ವಾಸನೆ, ಅವಳ ದನಿ ಎಲ್ಲ ಒಂದೇ ಆಗಿ ಮನೆ ತುಂಬುತ್ತಿತ್ತು. ಅಷ್ಟರಲ್ಲಿ ಗಾಡಿ ಬಂದು ರೇಡಿಯೋವನ್ನೂ ಅವಳನ್ನೂ ನುಂಗಿಬಿಡುತ್ತಿತ್ತು. ಅವಳು ಮಾತ್ರ ನಿಲ್ಲಿಸುತ್ತಿರಲಿಲ್ಲ. ನಾವು ಅವಳ ತುಟಿಗಳನ್ನೇ ನೋಡುತ್ತಾ ಕೂರುತ್ತಿದ್ದೆವು. ಕೊನೆಯ ಡಬ್ಬಿ ದಾಟಿ ಸದ್ದು ಇಳಿದಾಗ ರೇಡಿಯೋ ಯಾವ ಸಾಲಿನಲ್ಲಿತ್ತೋ ಅಮ್ಮನೂ ಅದೇ ಸಾಲಿನಲ್ಲಿರುತ್ತಿದ್ದಳು. ಒಂದು ಅಕ್ಷರ ಹಿಂದಿಲ್ಲ, ಮುಂದಿಲ್ಲ.

ಗೂಡ್ಸ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಇದೊಂದು ಆಟ. "ಇವತ್ತು ನಿಮ್ಮಮ್ಮ ಹಳಿ ತಪ್ತಾಳೆ ನೋಡ್ರೋ" ಎಂದು ನಮ್ಮನ್ನು ಹುರಿದುಂಬಿಸುತ್ತಿದ್ದರು. ಅಮ್ಮ ಮಾಕಳಿಯವಳು, ಹುಟ್ಟೂರಿನ ಮಾತು ಬಿಟ್ಟವಳಲ್ಲ. "ನಿಮ್ ರೈಲು ತಪ್ಪಬೋದು ಕಣ್ರೀ, ನಾನ್ ತಪ್ಪಾಕಿಲ್ಲ. ಇಂಗೆ ಅಣಕಿಸ್ತಿದ್ರೆ ಮುದ್ದೆ ಗಂಟಾಯ್ತದೆ, ಆಮೇಲೆ ನೀವೇ ತಿನ್ನಿ" ಅನ್ನುತ್ತಿದ್ದಳು. ಆದರೆ ಒಮ್ಮೊಮ್ಮೆ ಗಾಡಿ ದಾಟಿದ ಮೇಲೆ ಕಿಟಕಿಯ ಕಡೆ ನೋಡಿ, "ಒಂದ್ಸಲನಾದ್ರೂ ಪೂರ್ತಿ ಕೇಳ್ಬೇಕು, ಮಧ್ಯ ಯಾರೂ ಬರ್ಬಾರ್ದು" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಮುಂದೆ ಕ್ಯಾಸೆಟ್ ಬಂತು, ಫೋನೂ ಬಂತು. ಅವಳ ಮನಸ್ಸಿನಲ್ಲಿದ್ದದ್ದು ಅದಲ್ಲ. ಎದುರಿಗೆ ಕೂತು, ವಾದ್ಯದವರ ಮುಖ ನೋಡುತ್ತಾ ಕೇಳಬೇಕಿತ್ತು.

ಅಪ್ಪ ಹೋದರು. ಆ ಮನೆ ಬಿದ್ದು ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಅಮ್ಮ ವಿದ್ಯಾರಣ್ಯಪುರದ ನನ್ನ ಮನೆಗೆ ಬಂದಳು. ಅಲ್ಲಿ ರೈಲಿಲ್ಲ, ವಾಯುನೆಲೆಯ ವಿಮಾನಗಳಿವೆ. ಹೋದ ವರ್ಷ ಒಂದು ಬೆಳಿಗ್ಗೆ ಅವಳು ಸೊಪ್ಪು ಬಿಡಿಸುತ್ತಾ ಫೋನಿನ ಜೊತೆ ಹಾಡುತ್ತಿದ್ದಾಗ ಒಂದು ವಿಮಾನ ತಲೆಯ ಮೇಲೆ ಹಾಯ್ದು ಹೋಯಿತು. ಸದ್ದು ಇಳಿಯಿತು. ಫೋನು ಹಾಡುತ್ತಿತ್ತು, ಅಮ್ಮ ಸುಮ್ಮನಿದ್ದಳು. ಕೈಯಲ್ಲಿದ್ದ ದಂಟು ಹಾಗೇ ಇತ್ತು. ನನ್ನ ಮುಖ ನೋಡಿ, "ಎಲ್ಲಿದ್ವೋ?" ಎಂದು ಕೇಳಿದಳು. ಅವಳ ಮರೆವಿನ ಕಾಯಿಲೆಗೆ ಡಾಕ್ಟರು ಹೆಸರು ಹೇಳಿದ್ದು ಎಷ್ಟೋ ವಾರಗಳ ಮೇಲೆ. ನನಗೆ ಆ ಬೆಳಿಗ್ಗೆಯೇ ತಿಳಿದಿತ್ತು.

ಆ ಕವಿಯ ನೆನಪಿಗೆ ದೊಡ್ಡ ವಾದ್ಯವೃಂದದ ಕಾರ್ಯಕ್ರಮವಿದೆ ಎಂದು ಗೊತ್ತಾದ ದಿನವೇ ಅಕ್ಕ ಮೂರು ಟಿಕೆಟ್ ತೆಗೆದಳು. ಕಾರ್ಯಕ್ರಮದವರೆಗೆ ಅಮ್ಮ ಉಳಿಯಲಿಲ್ಲ. ಮೂರನೆಯದನ್ನು ಯಾರಿಗಾದರೂ ಕೊಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ನಡುವಿನ ಕುರ್ಚಿಯ ಮೇಲೆ ಅಕ್ಕ ತನ್ನ ಬ್ಯಾಗು ಇಟ್ಟಿದ್ದಳು.

ಪರದೆ ಎದ್ದಿತು. ಸ್ವಲ್ಪ ಹೊತ್ತಿಗೆ ಅಮ್ಮನ ಹಾಡೇ ಬಂತು. ಪಲ್ಲವಿ ಮುಗಿದು ಪಿಟೀಲುಗಳೆಲ್ಲ ಒಟ್ಟಿಗೆ ಏರಿ ನಿಂತವು. ಜನ ತಡೆಯಲಾರದೆ ಎದ್ದು ಚಪ್ಪಾಳೆ ತಟ್ಟಿದರು. ಆ ಎತ್ತರದ ಚಾವಣಿಯ ಕೆಳಗೆ ಚಪ್ಪಾಳೆ ಗಾಡಿಯ ಹಾಗೇ ಮೊರೆಯಿತು. ಗಾಯಕಿ ಚರಣ ಎತ್ತಿಕೊಂಡದ್ದು ಕಂಡಿತು, ಕೇಳಲಿಲ್ಲ. ಆಗ ನಾನೂ ಅಕ್ಕನೂ ಒಟ್ಟಿಗೇ, ಸಣ್ಣವರಿದ್ದಾಗಿನ ಅಭ್ಯಾಸದಲ್ಲಿ, ತುಟಿ ನೋಡಲು ನಡುವಿನ ಕುರ್ಚಿಯ ಕಡೆ ತಿರುಗಿದೆವು.

ಸದ್ದು ಇಳಿಯಿತು. ಹಾಡು ಎಲ್ಲೋ ಮುಂದೆ ಹೋಗಿತ್ತು. ಅಕ್ಕ ಬ್ಯಾಗಿನ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೇಳಿದಳು.

"ಎಲ್ಲಿದ್ವೋ?"

ನನಗೂ ಗೊತ್ತಿರಲಿಲ್ಲ.