ಗುರುಲಿಂಗಮ್ಮನ ಕೈಗುಣ

ಮಸ್ಕಿಯ ಸೂಗಪ್ಪನ ಮೀಸೆಗೆ ಊರಲ್ಲಿ ಒಂದು ಮರ್ಯಾದೆ ಇತ್ತು. ನನ್ನ ಮೀಸೆಗೂ ಅಷ್ಟೇ ವಯಸ್ಸು, ಆದರೆ ಅದನ್ನು ನೋಡಿ ಯಾರೂ ಕಟ್ಟೆ ಬಿಟ್ಟು ಎದ್ದು ನಿಂತದ್ದಿಲ್ಲ. ಅವನದು ಸೀರೆ ಅಂಗಡಿ. ನಿಜಾಮರ ಕಾಲದ ಆ ದಿನಗಳಲ್ಲಿ ಸಿಂಧನೂರಿನಿಂದ ಲಿಂಗಸೂಗೂರಿನವರೆಗೆ ಮದುವೆ ಗೊತ್ತಾದ ಮನೆಯವರು ಇಳಕಲ್ಲ ಸೀರೆಗೆ ಅವನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ನಾನು ಅವನ ನೆರೆಯವ. ಎರಡೂ ಮನೆಗಳ ನಡುವೆ ಒಂದೇ ಗೋಡೆ.

ಆದರೆ ಆ ಮನೆಗೆ ಹೆಸರು ಬಂದದ್ದು ಸೀರೆಯಿಂದಲೂ ಅಲ್ಲ, ಮೀಸೆಯಿಂದಲೂ ಅಲ್ಲ, ಅಲಸಂದಿ ಹಿಂಡಿಯಿಂದ. ಅಲಸಂದಿ ಕಾಳನ್ನು ನೆನೆಸಿ, ಗಡಿಗೆಯಲ್ಲಿ ಮೆತ್ತಗೆ ಬೇಯಿಸಿ, ತಿಕ್ಕಿ ಸಿಪ್ಪೆ ತೆಗೆದು, ಹುರಿದ ಎಳ್ಳು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ಒಳಕಲ್ಲಿನಲ್ಲಿ ರುಬ್ಬಿ, ಕಡೆಗೆ ಮೊಸರಿನ ಕೆನೆ ಬೆರೆಸುವುದು. ಹೇಳಲು ಇಷ್ಟೇ. ನನ್ನಾಕೆ ಮಾಡಿದರೆ ಅದು ಪಲ್ಯವೋ ಹಿಂಡಿಯೋ ಎಂದು ತೀರ್ಮಾನವಾಗುವಷ್ಟರಲ್ಲಿ ಊಟ ಮುಗಿಯುತ್ತಿತ್ತು. ಸೂಗಪ್ಪನ ಮನೆಯದು ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯ ಹಾಗೆ ಜಾರುತ್ತಿತ್ತು. ಒಮ್ಮೆ ಕಂದಾಯದ ಗಿರ್ದಾವರ ಕರೀಂಸಾಬರು ಹೊಲಗಳ ತನಿಖೆಗೆಂದು ಬಂದವರು ಅಲ್ಲಿ ಉಂಡು, ಬೆರಳು ನೆಕ್ಕಿ, "ಅರೆ, ಇದು ಹಿಂಡಿ ಅಲ್ಲಪಾ, ಮಲಾಯಿ!" ಎಂದರು. ಅಂದಿನಿಂದ ಅದಕ್ಕೆ ಗುರುಲಿಂಗಮ್ಮನ ಮಲಾಯಿ ಎಂದೇ ಹೆಸರು. ಗುರುಲಿಂಗಮ್ಮ ಸೂಗಪ್ಪನ ಹೆಂಡತಿ, ಮುದಗಲ್ಲಿನವಳು.

ಯಾರಾದರೂ ಹೊಗಳಿದರೆ ಅವಳು ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತಿದ್ದಳು.

"ಎಷ್ಟು ವಿನಯ ನೋಡು," ಎಂದೆ ನನ್ನಾಕೆಗೆ.

"ನಿಮಗ ಕಿವಿ ಅದಾವೇನು? ಅವರ ಒಳಕಲ್ಲು ತಿರಗೂ ಮುಂದ ಬಳಿ ಸಪ್ಪಳ ಎಂದಾರ ಕೇಳೀರೇನು?"

ನಾನು ಕೇಳಿರಲಿಲ್ಲ. ಇಲ್ಲದ ಸಪ್ಪಳವನ್ನು ಕೇಳಿಸಿಕೊಳ್ಳುವ ಜಾಣತನ ನನಗೆಲ್ಲಿಂದ ಬರಬೇಕು?

ರುಬ್ಬುತ್ತಿದ್ದವನು ಸೂಗಪ್ಪ. ಚಿಕ್ಕಂದಿನಲ್ಲೇ ತಂದೆತಾಯಿ ತೀರಿ ಮಠವೊಂದರಲ್ಲಿ ಬೆಳೆದವನು. ಅಲ್ಲಿ ಅಡುಗೆಮನೆಯೆಲ್ಲ ಗಂಡಸರದೇ. ಮಠದಲ್ಲಿ ರುಬ್ಬಿದರೆ ಸೇವೆ, ಮನೆಯಲ್ಲಿ ರುಬ್ಬಿದರೆ ನಗೆಪಾಟಲು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಹಿಂಡಿ ತರಿತರಿಯಾಯಿತೆಂದು ಬಾಗಿಲು ಹಾಕಿಸಿ ತಾನೇ ಕೂತ. ಅದನ್ನುಂಡ ಬೀಗರು ಯಾರು ಮಾಡಿದರೆಂದು ಕೇಳಿದಾಗ, "ನಮ್ಮಾಕಿ ಮಾಡ್ಯಾಳ" ಎಂದುಬಿಟ್ಟ. ಆಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮೀಸೆ ಬಿಡಲಿಲ್ಲ.

ಹೀಗಿರುವಾಗ ಪಾಮನಕಲ್ಲೂರಿನ ಗೌಡ ಅಮರಗುಂಡಪ್ಪನ ಮಗಳು ಬಸುರಿಯಾದಳು. ತಿಂದದ್ದೆಲ್ಲ ವಾಂತಿ. ಬಾಯಿ ಬೇಡುತ್ತಿದ್ದದ್ದು ಒಂದೇ, ಎಂದೋ ಮಸ್ಕಿಯಲ್ಲಿ ಉಂಡಿದ್ದ ಆ ಮಲಾಯಿ. ಮಗಳ ಸೀಮಂತ, ನಮ್ಮ ಕಡೆ ಕುಬುಸ ಅನ್ನುವುದು, ಹತ್ತಿರವಾದಾಗ ಗೌಡತಿ ಶೇಖರಮ್ಮ ತಾನೇ ಗಾಡಿ ಕಟ್ಟಿಸಿಕೊಂಡು ಬಂದಳು.

"ಕುಬುಸದ ದಿನ ನೀ ಬಂದು ನಮ್ಮ ಒಲಿ ಮ್ಯಾಲ ಮಾಡಿಕೊಡಬೇಕವ್ವ ಗುರುಲಿಂಗಿ. ಎಲ್ಲಾರ ಮುಂದ ನಿನಗ ಉಡಿ ತುಂಬತೀನಿ."

"ಇಲ್ಲೇ ಮಾಡಿ ತರತೀವಲ್ರೀ," ಎಂದ ಸೂಗಪ್ಪ, ಅವಸರದಿಂದ.

"ಕೆನಿ ಹಾಕಿದ್ದು ಬಿಸಲಾಗ ಹುಳಿ ಆಗೂದಿಲ್ಲೇನು? ಬಸುರಿ ಬಯಕಿ, ಸೂಗಪ್ಪ. ಇಲ್ಲ ಅನಬ್ಯಾಡ."

ನಿಜಾಮರ ಹುಕುಮಿಗಾದರೂ ಅಪೀಲು ಇತ್ತು, ಬಸುರಿಯ ಬಯಕೆಗೆ ಇರಲಿಲ್ಲ.

ಅವಳು ಹೋದ ಮೇಲೆ ಗೋಡೆಯಾಚೆ ಪಾಠ ಶುರುವಾಯಿತು. ಈಚೆ ನನ್ನಾಕೆ ಗೋಡೆಗೆ ಕಿವಿ ಕೊಟ್ಟು ನಿಂತಿದ್ದಳು. ಇದು ಸರಿಯಲ್ಲ ಎಂದು ಹೇಳಲು ಹೋದ ನಾನು ಪಕ್ಕದಲ್ಲೇ ನಿಂತುಕೊಂಡೆ.

"ಒತ್ತಬ್ಯಾಡ, ತಿರಗಸು. ನೀರು ಈಗ ಹಾಕಬ್ಯಾಡ!"

"ಇಷ್ಟು ವರ್ಷ ಕಲ್ಲು ಮುಟ್ಟಗೊಡಲಿಲ್ಲ, ಈಗ ಒಂದಾ ಸಲಕ್ಕ ಬರಬೇಕಂದ್ರ ಹೆಂಗ? ಅಲ್ಲಿ ನೀವಾ ಹೇಳ್ರೀ, ಹಿಂಡಿ ನಾ ಮಾಡತೀನಿ ಅಂತ."

"ಹುಚ್ಚಿ ಅದಿ ಏನು? ಆ ಊರ ತುಂಬ ನನ್ನ ಗಿರಾಕಿ. ನಾಳಿಗೆ ಸೀರಿ ಬಿಚ್ಚಿ ತೋರಸಾಕ ಹೋದ್ರ, 'ಸೂಗಪ್ಪ, ರುಬ್ಬೂದು ಆತೇನೋ' ಅಂತಾರ."

"ಮತ್ತ ನನಗ ಏನಂತಾರ?"



ಕುಬುಸದ ದಿನ ನಾವು ನಾಲ್ವರೂ ಒಂದೇ ಗಾಡಿಯಲ್ಲಿ ಹೋದೆವು. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಗೆ. ಒಳಕಲ್ಲು ತಿರುಗತೊಡಗಿತು, ಈ ಸಲ ಬಳೆಗಳ ಸಪ್ಪಳ ಜೋರಾಗಿಯೇ ಇತ್ತು. ನನಗೆ ಅದು ಬರೀ ಸಪ್ಪಳ. ಸೂಗಪ್ಪನಿಗೆ ಅದರಲ್ಲಿ ಒಂದೊಂದು ಕಾಳಿನ ಗತಿಯೂ ಕೇಳುತ್ತಿತ್ತು. ಕೂತಲ್ಲಿ ಕೂರಲಾರದೆ ಕೊಸರಾಡಿದ. ತಂಬಿಗೆಯ ಸದ್ದಾದದ್ದೇ ತಡ, "ನೀರು ಹಾಕಬ್ಯಾಡ!" ಎಂದು ಕೂಗಿಬಿಟ್ಟ.

ಪಡಸಾಲೆಯವರೆಲ್ಲ ಅವನತ್ತ ತಿರುಗಿದರು.

"ಯಾವ ನೀರೋ ಸೂಗಪ್ಪ?" ಎಂದ ಅಮರಗುಂಡಪ್ಪ.

"ಎತ್ತಿಗ್ರೀ. ಬಿಸಲಾಗ ಬಂದಾವ, ಈಗಾ ನೀರು ಬ್ಯಾಡ ಅಂದೆ."

"ಎತ್ತು ಹಿತ್ತಲದಾಗ ಅದಾವ. ನೀ ಅಡಗಿಮನಿ ಕಡೆ ಮುಖ ಮಾಡಿ ಒದರಿದೆಲ್ಲೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಗೌಡರು ನಕ್ಕಾಗ ನಗುವುದು ನನಗೆ ಮೊದಲಿನಿಂದ ಬಂದ ರೂಢಿ.

ಒಳಗೆ ನಡೆದದ್ದನ್ನು ನನ್ನಾಕೆ ಹೇಳಬೇಕು. ಬಸುರಿ ಒಂದು ತುತ್ತು ಬಾಯಿಗಿಟ್ಟು, "ಚಲೋ ಆಗೈತ್ರೀ" ಎಂದು ತಾಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳಂತೆ. "ನಮ್ಮ ಅಲಸಂದಿ ಕಾಳಾ ಸರಿ ಇಲ್ಲ ಬಿಡು," ಎಂದು ಶೇಖರಮ್ಮ ತಪ್ಪನ್ನು ಕಾಳಿನ ಮೇಲೆ ಹಾಕಿ, ಅಕ್ಕಿ, ಕೊಬ್ಬರಿ, ಖಣ ಇದ್ದ ಮೊರ ಹಿಡಿದು ಎದುರಿಗೆ ಬಂದಳು. ಗುರುಲಿಂಗಮ್ಮ ಸೆರಗು ಒಡ್ಡಲಿಲ್ಲ.

"ಉಡಿ ಬ್ಯಾಡ್ರೀ ಅವ್ವಾರ. ಆ ಕೈ ನಂದಲ್ಲ."

"ಮತ್ತ ಯಾರದು? ಹೆಸರು ಹೇಳು."

ಗಂಡನ ಹೆಸರನ್ನು ಹೆಂಗಸರು ನೇರವಾಗಿ ಬಾಯಿಬಿಟ್ಟು ಹೇಳುವ ಕಾಲವಲ್ಲ ಅದು. ಇಂಥ ಕಾರ್ಯಗಳಲ್ಲಿ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಿದರೆ ಉಂಟು. ಗುರುಲಿಂಗಮ್ಮ ನೆಲ ನೋಡುತ್ತ ನಿಂತು, ಕಡೆಗೆ ಹೇಳಿಯೇಬಿಟ್ಟಳು:

"ಮುದಗಲ್ಲ ಕ್ವಾಟಿಗೆ ಕಲ್ಲಿನ ಬಾಗಲ,
ಹಿಂಡಿ ಅರಿಯೂ ಹೊತ್ತಿಗೆ ನಮ್ಮನಿ ಮುಚ್ಚಿದ ಬಾಗಲ,
ಬಾಗಲ ಹಿಂದ ಕುಂತು ರುಬ್ಬಾವರು ಸೂಗಪ್ಪನವರು."

ಹೆಂಗಸರ ನಗೆ ಪಡಸಾಲೆಗೆ ಬಂತು. ಅದರ ಹಿಂದೆಯೇ ಒಡಪೂ ಬಂತು.

"ಏನೋ ಸೂಗಪ್ಪ, ರುಬ್ಬಾವ ನೀನಂತಲ್ಲೋ!" ಎಂದ ಗೌಡ, ಹೊಟ್ಟೆ ಹಿಡಿದುಕೊಂಡು.

ಆಗಲಾದರೂ ಅವನು ಹೂಂ ಎನ್ನಬಹುದಿತ್ತು. ಮೀಸೆ ತೀಡಿ, ಒಳಗೆ ಕೇಳುವಷ್ಟು ದೊಡ್ಡ ದನಿಯಲ್ಲಿ, "ಹೆಂಗಸರ ಒಡಪ ರೀ ಗೌಡ್ರ, ಅದರಾಗ ಖರೆ ಎಲ್ಲಿರತದ?" ಎಂದ.

ಒಳಗಿನ ನಗೆ ಪಟ್ಟನೆ ನಿಂತಿತು. ಗುರುಲಿಂಗಮ್ಮ ಈಗ ಸುಳ್ಳುಗಾತಿಯೂ ಆದಳು. ನಾನು ತಲೆ ಎತ್ತಿ ಯಾರನ್ನೂ ನೋಡಲಾಗದೆ ನನ್ನ ಅಂಗಾಲು ನೋಡಿಕೊಂಡೆ, ಅದೂ ನೋಡುವಂತಿರಲಿಲ್ಲ.

ಆಗ ಹೊಸ್ತಿಲಿಗೆ ಬಂದವಳು ಬಸುರಿ. ಮುಖ ಬಿಳಿಚಿತ್ತು. "ಕಾಕಾ, ಎರಡು ತುತ್ತು ಸಾಕು. ಮಾಡಿಕೊಡ್ತೀಯೇನು?" ಎಂದಳು.

ಸೂಗಪ್ಪ ಎದ್ದ. ಯಾರ ಕಡೆಯೂ ನೋಡದೆ ಒಳಗೆ ಹೋಗಿ ಕಲ್ಲಿನ ಮುಂದೆ ಕೂತ. ಅಷ್ಟು ಹೊತ್ತು ನಕ್ಕಿದ್ದ ಹೆಂಗಸರು ಅಂಥ ಮೀಸೆ ಒಳಕಲ್ಲಿನ ಮೇಲೆ ಬಾಗಿದ್ದನ್ನು ನೋಡಲಾರದೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದರಂತೆ. ಗುರುಲಿಂಗಮ್ಮ ಮಾತ್ರ ಎದುರಿಗೇ ಕೂತು ಕೆನೆಯ ಬಟ್ಟಲು ಹಿಡಿದಿದ್ದಳು. ಬಸುರಿ ತಾಟು ಬಳಿದು ಉಂಡಳು. ಶೇಖರಮ್ಮ ಮತ್ತೆ ಮೊರ ತಂದಾಗ ಗುರುಲಿಂಗಮ್ಮ ಆಗಲೂ ಸೆರಗು ಒಡ್ಡಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ, ಬಹಳ ದೂರ ಬಂದ ಮೇಲೆ ಸೂಗಪ್ಪ ಕೆಳದನಿಯಲ್ಲಿ ಕೇಳಿದ: "ಇಷ್ಟು ವರ್ಷ ಮಂದಿ ನಿನ್ನ ಹೊಗಳಿದಾಗೆಲ್ಲ ಹೆಂಗ ಅನಸ್ತಿತ್ತು?"

"ಕದ್ದ ಸೀರಿ ಉಟ್ಟಂಗ," ಎಂದಳು ಗುರುಲಿಂಗಮ್ಮ, ಮುಖ ತಿರುಗಿಸದೆ.

ಸೀರೆ ಮಾರುವವನು ಗಾಡಿ ನಿಲ್ಲಿಸಿ ಕೆಳಗಿಳಿದ. ಒಳಗೆ ಜಾಗ ಇತ್ತು, ಬಿಸಿಲೂ ಇನ್ನೂ ಇಳಿದಿರಲಿಲ್ಲ. ಮಸ್ಕಿ ಬರುವವರೆಗೆ ಅವನು ಎತ್ತುಗಳ ಪಕ್ಕದಲ್ಲಿ ನಡೆದೇ ಬಂದ. ಹತ್ತಿ ಬಾ ಎಂದು ಅವಳೂ ಕರೆಯಲಿಲ್ಲ.