ಬ್ರೆಂಗ್ ಅಲ್ಲ, ಬ್ರೊಂಗ್

ರೋಕ್‌ಸೆಕ್ ನಿಲ್ದಾಣದಲ್ಲಿ ರೈಲುಗಳ ಹೆಸರು ಕೂಗುತ್ತಿದ್ದ ಗಿಲೆಮೆತ್ ಕಜಲ್ಬೂ ನೋಡಲು ಅಷ್ಟಕ್ಕಷ್ಟೇ. ಆದರೆ ಅವಳ ಗಂಟಲು ಮಾತ್ರ ಏನು ಕೇಳುತ್ತೀರಿ! ಮೈಕಿನ ಮುಂದೆ ಅವಳು ಬಾಯಿ ತೆರೆದರೆ ಎದುರಿನ ಹೋಟೆಲಿನಲ್ಲಿ ಇಸ್ಪೀಟಾಡುವವರೂ ಎಲೆ ಕೆಳಗಿಟ್ಟು ಕೇಳುತ್ತಿದ್ದರು. ಫ್ರಾನ್ಸಿನ ದಕ್ಷಿಣದ ಈ ದ್ರಾಕ್ಷಿ ಸೀಮೆಯಲ್ಲಿ ನಮ್ಮ ಮಾತೇ ಹಾಗೆ. ಪ್ಯಾರಿಸ್ಸಿನವರು ನುಂಗಿಹಾಕುವ ಕೊನೆಯ ಸ್ವರವನ್ನೂ ನಾವು ಬಾಯ್ತುಂಬ ಆಡುತ್ತೇವೆ. ಮೂಗಿನಲ್ಲಿ ಹೊರಡುವ ಸ್ವರಕ್ಕೆಲ್ಲ ಒಂದು ಬಾಲ ಕಟ್ಟುತ್ತೇವೆ. ರೊಟ್ಟಿ ಅವರಿಗೆ ‘ಪೆಂ’, ನಮಗೆ ‘ಪೆಂಗ್’. ನಗುವವರು ನಗಲಿ, ಹೊಟ್ಟೆಯಂತೂ ತುಂಬುತ್ತದೆ.

ರೋಕ್‌ಸೆಕ್‌ನಿಂದ ಎರಡು ಪುಟ್ಟ ರೈಲುಗಳು ಒಂದೇ ಪ್ಲಾಟ್‌ಫಾರ್ಮಿನಿಂದ ಒಂದರ ಹಿಂದೊಂದು ಹೊರಡುತ್ತಿದ್ದವು. ಒಂದು ಗುಡ್ಡದ ಮೇಲಿನ ಬ್ರೆಂಗ್ ಊರಿಗೆ, ಇನ್ನೊಂದು ಹೊಳೆದಂಡೆಯ ಬ್ರೊಂಗ್‌ಗೆ. ಮೊದಲನೆಯದಕ್ಕೆ ತುಟಿ ಅಗಲಿಸಬೇಕು, ಎರಡನೆಯದಕ್ಕೆ ಗುಂಡಗೆ ಮಾಡಬೇಕು. ನಮ್ಮಲ್ಲಿ ತೊದಲುವ ಮಗುವಿಗೂ ಈ ವ್ಯತ್ಯಾಸ ಗೊತ್ತು. ಪ್ಯಾರಿಸ್ಸಿನ ಬಾಯಲ್ಲಿ ಮಾತ್ರ ಎರಡೂ ಒಂದೇ, ‘ಬ್ರೆಂ’. ಬೋರ್ಡು ಇತ್ತು ನಿಜ, ಆದರೆ ಅದನ್ನು ನೋಡುತ್ತಿದ್ದವರು ಹೊರಗಿನವರು. ಊರಿನವರು ಗಿಲೆಮೆತ್‌ಳ ದನಿ ಕೇಳಿ ಹತ್ತುತ್ತಿದ್ದರು.

ಪ್ರವಾಸಿಗರು ಬರತೊಡಗಿದ ಅರವತ್ತರ ದಶಕದಲ್ಲಿ ರೈಲು ಕಂಪನಿಗೆ ವೋಕ್ಲೆನ್ ಎಂಬ ಹೊಸ ಮ್ಯಾನೇಜರ್ ಬಂದ. ನಿಲ್ದಾಣದ ದನಿ ಹಳ್ಳಿಗಾಡಿನದಾಗಿದೆ ಎಂದು ಅವನಿಗೆ ಅನ್ನಿಸಿತು. ಧ್ವನಿಶಾಸ್ತ್ರ ಓದಿದ ದೆಲ್ವೋ ಎಂಬ ಮೇಷ್ಟರನ್ನು ಕರೆಸಿ, ಪ್ಯಾರಿಸ್ ಉಚ್ಚಾರ ಕಲಿತರೆ ಮೈಕು, ಇಲ್ಲದಿದ್ದರೆ ಪಾರ್ಸೆಲ್ ಕೋಣೆ ಎಂದು ಗಿಲೆಮೆತ್‌ಗೆ ಖಡಾಖಂಡಿತವಾಗಿ ಹೇಳಿದ. ಮೈಕು ಅವಳ ಪ್ರಾಣ. ಕಲಿತಳು. ಹಲ್ಲಿನ ನಡುವೆ ಬಿರಡೆ ಕಚ್ಚಿ ಓದಿದಳು, ಕೈಗನ್ನಡಿಯಲ್ಲಿ ತುಟಿ ನೋಡಿಕೊಂಡಳು, ಮೂಗು ಹಿಡಿದು ಸ್ವರದ ಬಾಲ ಕತ್ತರಿಸಿದಳು. ದೆಲ್ವೋ ಒಳ್ಳೆಯವನೇ. ಅವಳ ‘ಬ್ರೊಂಗ್’ ಅನ್ನು ಮತ್ತೆ ಮತ್ತೆ ಹೇಳಿಸಿ, ಇಂಥ ಸ್ವರ ಪ್ಯಾರಿಸ್ಸಿನ ತನ್ನ ಓಣಿಯಲ್ಲಿ ಈಗ ಕೇಳಸಿಗುವುದಿಲ್ಲ ಎಂದು ಮೆಚ್ಚುತ್ತಿದ್ದ. ಮೆಚ್ಚಿದ ಮೇಲೆ ಅದನ್ನೇ ತಿದ್ದುತ್ತಿದ್ದ. ಸಂಬಳ ಬರುತ್ತಿದ್ದದ್ದು ಅದಕ್ಕೇ ತಾನೆ?

ಗಿಲೆಮೆತ್ ಅಚ್ಚ ಪ್ಯಾರಿಸ್ ದನಿಯಲ್ಲಿ ಕೂಗಲು ಶುರುಮಾಡಿದ ವಾರದಲ್ಲೇ ಮುದುಕಿ ಫಿನೆತ್ ಮಗಳ ಬಾಣಂತನಕ್ಕೆಂದು ಬ್ರೊಂಗ್‌ಗೆ ಹೊರಟಳು. ಬುಟ್ಟಿಯಲ್ಲಿ ಆಡಿನ ಗಿಣ್ಣು, ಹೆಣೆದ ಕುಲಾವಿ. ‘ಬ್ರೆಂ’ ಎಂದು ಕೇಳಿಸಿತು, ತನ್ನ ರೈಲೇ ಇರಬೇಕೆಂದು ಹತ್ತಿದಳು. ಇಳಿದದ್ದು ಗುಡ್ಡದ ಮೇಲೆ. ಅಲ್ಲಿಂದ ಮರಳುವ ರೈಲು ಮರುದಿನವೇ. ಅಷ್ಟರಲ್ಲಿ ಮಗು ಹುಟ್ಟಿಯಾಗಿತ್ತು.

ತಿರುಗಿ ಬಂದ ಮುದುಕಿ ನೇರವಾಗಿ ಮೈಕಿನ ಕೋಣೆಗೆ ನುಗ್ಗಿದಳು.

"ನನ್ ಮಗಳು ಅಮ್ಮಾ ಅಮ್ಮಾ ಅಂತ ಒದ್ದಾಡೋವಾಗ ನಾನು ಗುಡ್ಡದ ಮೇಲೆ ಕೂತಿದ್ದೆ ಕಣೇ. ನಿನ್ ಬಾಯಿ ನಂಬಿ ಹತ್ತಿದ್ದೆ."

ಗಿಲೆಮೆತ್‌ಳ ಕಿವಿ ಬಿಸಿಯಾಯಿತು. ಅತ್ತಳು. ಆಮೇಲೆ ಸಿಟ್ಟು ಬಂತು, ಸಣ್ಣ ಸಿಟ್ಟಲ್ಲ. ಮುಂದಿನ ರೈಲಿಗೆ ಬಾಲ ಸಮೇತ, ಊರಿಗೆಲ್ಲ ಕೇಳುವಂತೆ ‘ಬ್ರೊಂಗ್’ ಎಂದು ಕೂಗಿದಳು. ವೋಕ್ಲೆನ್ ಕರೆಸಿದ.

"ಬೋರ್ಡ್ ಇಲ್ವೇನ್ರೀ ಮದಾಂ? ಓದ್ಕೊಳ್ಳಲಿ."

"ಬೋರ್ಡಲ್ಲಿ ಎರಡು ಊರಿದೆ, ಮುಸ್ಯೂ. ನೀವು ಒಂದೇ ಓದ್ತೀರಿ."

ಪ್ರವಾಸಿಗರು ನಗುತ್ತಾರೆ ಎಂದ. ಜನ ನಗುವುದು ಅವಳಿಗೆ ಹೊಸದಲ್ಲ. ಶಾಲೆಯಲ್ಲಿ ಫ್ರೆಂಚ್ ಬಿಟ್ಟು ಅಜ್ಜಿಯ ಭಾಷೆ ಆಡಿದ್ದಕ್ಕೆ ಮೇಷ್ಟರು ಅವಳ ಕೊರಳಿಗೆ ಮರದ ಚಪ್ಪಲಿ ತೂಗುಹಾಕಿದ್ದರು, ತರಗತಿಯೆಲ್ಲ ನಕ್ಕಿತ್ತು.

"ನಮ್ಮಜ್ಜಿ ಭಾಷೆ ಕಿತ್ಕೊಂಡ್ರಿ, ಸುಮ್ನಿದ್ದೆ. ಈಗ ಅದರ ರಾಗಾನೂ ಬೇಕಾ? ಕೊಡಲ್ಲ."

ಮರುದಿನ ಅವಳು ಪಾರ್ಸೆಲ್ ಕೋಣೆಗೆ ಹೋದಳು. ಮೈಕಿನಲ್ಲಿ ಪ್ಯಾರಿಸ್ಸಿನಿಂದ ತರಿಸಿದ ಟೇಪು ಹಾಡತೊಡಗಿತು: ‘ಬ್ರೆಂ’, ಮತ್ತೆ ‘ಬ್ರೆಂ’. ರೈಲು ಬಂದು ನಿಂತರೂ ಜನ ಮುಖ ಮುಖ ನೋಡಿಕೊಳ್ಳುತ್ತ ನಿಂತರು. ಗಿಲೆಮೆತ್ ಕೈಯಲ್ಲಿದ್ದ ಗಂಟು ಕೆಳಗೆ ಹಾಕಿ, ಪ್ಲಾಟ್‌ಫಾರ್ಮಿನ ನಡುವೆ ಬಂದು, ಬಾಯಿಗೆ ಎರಡೂ ಕೈ ಹಿಡಿದು ಕೂಗಿದಳು. ಗುಡ್ಡದವರು ಸರಸರ ಹತ್ತಿದರು, ಹೊಳೆಯವರು ಅಲ್ಲೇ ನಿಂತರು. ವೋಕ್ಲೆನ್ ಏದುಸಿರು ಬಿಡುತ್ತ ಓಡಿಬಂದ.

"ನಿಮ್ ಮೈಕ್ ಕಿತ್ಕೊಂಡಿದ್ದು ಮರೆತೋಯ್ತಾ?"

"ಮೈಕು ನಿಮ್ಮದು, ಮುಸ್ಯೂ. ಬಾಯಿ ನನ್ನದು."

ಅಷ್ಟರಲ್ಲಿ ಎರಡನೆಯ ರೈಲು ಬಂತು. ಅವನ ಎದುರಿಗೇ ಅವಳು ತುಟಿ ಗುಂಡಗೆ ಮಾಡಿದಳು.