ತಲೆದೆಸೆಯಲ್ಲಿ ಕೂತ ಡಾಕ್ಟರಮ್ಮ

ಕತ್ತರಿ ಹಿಡಿದ ಸರ್ಜನ್ನರನ್ನು ರೋಗಿಗಳು ಮೊಮ್ಮಕ್ಕಳ ಕಾಲದವರೆಗೂ ನೆನೆಯುತ್ತಾರೆ. ಅರಿವಳಿಕೆ ಕೊಟ್ಟವರ ಮುಖ ಗುರುತಾಗುವ ಮೊದಲೇ ಅವರಿಗೆ ನಿದ್ದೆ ಹತ್ತಿರುತ್ತದೆ. ಇಂಥ ಮರೆವಿನ ಕ್ಷೇತ್ರದಲ್ಲಿ ಮೂವತ್ತೆಂಟು ವರ್ಷ ದುಡಿದು, ಅರ್ಧ ಊರನ್ನು ಮಲಗಿಸಿ ಎಬ್ಬಿಸಿ, ಇದೀಗ ಮಿಷನ್ ಆಸ್ಪತ್ರೆಯಿಂದ ನಿವೃತ್ತರಾಗುತ್ತಿರುವ ಡಾಕ್ಟರಮ್ಮನವರನ್ನು ಎಂದೂ ಮರೆಯಲಾರದ ರೋಗಿಯೊಬ್ಬರಿದ್ದಾರೆ. ಅವರು ನಮ್ಮ ಚರ್ಚಿನ ಸಭಾಪಾಲಕರು, ಎಲ್ಲರ ಬಾಯಲ್ಲಿ ಅಯ್ಯನವರು.

ಅಯ್ಯನವರು ಇಲ್ಲಿಗೆ ಬಂದ ಹೊಸತರಲ್ಲಿ, ಕೊನೆಯ ಬೆಂಚಿನ ಡಾಕ್ಟರಮ್ಮ ಪ್ರತಿ ಭಾನುವಾರ ಪ್ರಸಂಗದ, ಅಂದರೆ ಉಪದೇಶದ, ನಡುವೆ ಎದ್ದು ಹೋಗುವುದನ್ನು ಕಂಡು, ತಮ್ಮ ಮಾತು ಹಿಡಿಸಲಿಲ್ಲವೆಂದು ಎರಡು ವರ್ಷ ಒಳಗೊಳಗೇ ಕುದಿದರು. ಆಸ್ಪತ್ರೆಯಿಂದ ಕರೆ ಬರುತ್ತಿತ್ತೆಂದು ತಿಳಿದದ್ದು ಆಮೇಲೆ. ಅಯ್ಯನವರ ಪ್ರಸಂಗದ ಮೆಚ್ಚಿನ ವಿಷಯವಾದರೋ ಒಂದೇ: ತಿಳಿಯದ್ದನ್ನೂ ನಂಬುವುದು. ಅದನ್ನು ಎಲ್ಲ ತಿಳಿದವರ ಹಾಗೆ ವಿವರಿಸುತ್ತಿದ್ದರು.

ಕಳೆದ ವರ್ಷ ಅವರ ಗಂಟಲಲ್ಲಿ ಗಂಟೊಂದು ಕಾಣಿಸಿಕೊಂಡಿತು. ತೆಗೆಸದಿದ್ದರೆ ತಿಂಗಳೊಪ್ಪತ್ತಿನಲ್ಲಿ ದನಿ ಹೋಗುತ್ತದೆಂದರು ಸರ್ಜನ್. ದನಿ ಹೋದರೆ ತಮ್ಮಲ್ಲಿ ಉಳಿಯುವುದು ನಿಲುವಂಗಿ ಮಾತ್ರ ಎಂದು ಗೊತ್ತಿದ್ದೂ, ಅಯ್ಯನವರು ಎರಡು ಸಲ ಆಪರೇಷನ್ ಮೇಜು ಹತ್ತಿ ಎರಡು ಸಲವೂ ಇಳಿದು ಓಡಿದರು. ಮೂರನೆಯದೇ ಕೊನೆಯ ಅವಕಾಶ. ಆಗಲೂ ಮಲಗಿದವರು ದಡಕ್ಕನೆ ಎದ್ದು ಕೂತರು.

"ಡಾಕ್ಟರಮ್ಮ, ಈ ಔಷಧಿ ಒಳಗೆ ಹೋಗಿ ಏನ್ ಮಾಡುತ್ತೆ? ಬಿಡಿಸಿ ಹೇಳಿ."

"ಸ್ವಲ್ಪ ಗೊತ್ತು ಅಯ್ಯನವರೇ. ಪೂರ್ತಿ ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ದೇನೇ ಇಷ್ಟು ವರ್ಷ ಕೊಟ್ರಾ?"

"ನೀವು ಇಷ್ಟು ವರ್ಷ ಪ್ರಸಂಗ ಕೊಟ್ಟಿಲ್ವಾ!"

ನರ್ಸಮ್ಮ ಮಾಸ್ಕಿನೊಳಗೇ ಕಿಸಕ್ಕೆಂದರು.

"ನಗಬೇಡಿ ತಾಯಿ. ನಾನು ಏಳದೇ ಹೋದ್ರೆ?"

'ಏನೂ ಆಗಲ್ಲ' ಎಂದು ಡಾಕ್ಟರಮ್ಮ ಹೇಳಲಿಲ್ಲ, ಯಾರಿಗೂ ಹೇಳಿದವರಲ್ಲ. ಸ್ಟೂಲು ಎಳೆದು ತಲೆದೆಸೆಯಲ್ಲಿ ಕೂತು, ಅವರ ದವಡೆಯ ಕೆಳಗೆ ನಾಡಿಯ ಮೇಲೆ ಎರಡು ಬೆರಳಿಟ್ಟರು. ರೋಗಿ ಕಣ್ಣು ಬಿಟ್ಟು ಗುರುತು ಹಿಡಿಯುವವರೆಗೆ ಅವರು ಅಲ್ಲಿಂದ ಚಹಾಕ್ಕೂ ಏಳುವುದಿಲ್ಲ.

"ನಮ್ಮ ಯಜಮಾನ್ರು ಹೋದಾಗ ಯೇಸುಸ್ವಾಮಿನ ಬೇಕಾದಷ್ಟು ಕೇಳಿದೀನಿ. ಒಂದಕ್ಕೂ ಉತ್ತರ ಕೊಡ್ಲಿಲ್ಲ. ಬಿಟ್ಟು ಮಾತ್ರ ಹೋಗ್ಲಿಲ್ಲ. ನನಗೆ ಗೊತ್ತಿರೋದು ಅಷ್ಟೇ. ನಾನಿಲ್ಲೇ ಇರ್ತೀನಿ, ಮಲಗಿ."

"ಅರ್ಧಕ್ಕೇ ಎದ್ದು ಹೋಗೋರು ನೀವು!"

"ಚರ್ಚಲ್ಲಿ ಜನರನ್ನ ಮಲಗಿಸೋಕೆ ನೀವೊಬ್ರೇ ಸಾಕಲ್ಲ!"

ಅಯ್ಯನವರಿಗೆ ಧೈರ್ಯವೇನೂ ಬರಲಿಲ್ಲ. ಭಯವನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗಿದರು. ಕಣ್ಣು ಬಿಟ್ಟಾಗ ಆ ಬೆರಳುಗಳು ಅಲ್ಲೇ ಇದ್ದವು.

ಗಂಟು ಹೋಯಿತು, ದನಿ ಉಳಿಯಿತು. ಆರು ವಾರ ಮೌನವಾಗಿದ್ದ ಆ ದನಿಗೆ ಮೊದಲ ಕೆಲಸ ಬಿದ್ದದ್ದು ಸಮಾಧಿಯ ಬಳಿ. ಮಗಳನ್ನು ಮಣ್ಣಿಗಿಟ್ಟ ನಮ್ಮ ಸಭೆಯ ಟೈಲರಮ್ಮ, ಅಯ್ಯನವರ ತೋಳು ಜಗ್ಗಿ ಕೇಳಿದರು: "ದೇವರು ಯಾಕೆ ಹೀಗ್ ಮಾಡ್ದ? ನೀವಾದ್ರೂ ಹೇಳಿ."

ಹಳೆಯ ಪ್ರಸಂಗಗಳೆಲ್ಲ ನಾಲಗೆಯ ತುದಿಗೆ ಬಂದವು. ಅಯ್ಯನವರು ನುಂಗಿಕೊಂಡರು.

"ಗೊತ್ತಿಲ್ಲಮ್ಮ."

ಆಮೇಲೆ ಆಕೆಯ ಪಕ್ಕ ಮಣ್ಣಿನ ಮೇಲೇ ಕೂತರು, ಆಕೆ ಏಳುವವರೆಗೂ. ಅಷ್ಟೇ ಸಾಕಾಯಿತೇ ಎಂಬ ತಳಮಳ ಅವರಿಗೆ ಇಂದಿಗೂ ಇದೆ.

ಡಾಕ್ಟರಮ್ಮನವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಹಾರೈಕೆ ಕೇಳಿದಾಗ, ಪುಟಗಟ್ಟಲೆ ಬರೆಯುವ ಅಯ್ಯನವರು ಕೊಟ್ಟದ್ದು ಒಂದು ಚೀಟಿ: "ಡಾಕ್ಟರಮ್ಮ ನೂರು ವರ್ಷ ಬಾಳಲಿ. ಹೊಸ ಡಾಕ್ಟರುಗಳಿಗೆ ಔಷಧಿ ಕೊಡೋದರ ಜೊತೆಗೆ ಕೂರೋದನ್ನೂ ಕಲಿಸ್ತಾ ಇರಲಿ. ಅವರನ್ನ ಯಾಕೆ ನಂಬಿದೆ ಅಂತ ಮಾತ್ರ ಕೇಳಬೇಡಿ, ಪೂರ್ತಿ ಹೇಳೋಕೆ ನನಗೆ ಬರಲ್ಲ."